ತಾರೀಖು ಹಾಳೆಯ ಬೆನ್ನಿನ ಮೇಲೆ

2010ರ ಯುಗಾದಿ ಕಳೆದ ಮೇಲೆ ಒಂದು ಸೋಮವಾರ ಧರ್ಮಪುರಿಯ ನಮ್ಮ ಮನೆಗೆ ಒಂದು ಅಂತರ್ದೇಶೀಯ ಪತ್ರ ಬಂದಿತು. ನಿಪ್ಪಾಣಿಯಿಂದ ನನ್ನ ತಂದೆಯವರು ಬರೆದುದು. ಮೊಮ್ಮಗಳಿಗೆ ಹಬ್ಬದ ಆಶೀರ್ವಾದ, ಬೇವುಬೆಲ್ಲದ ನಾಲ್ಕು ಮಾತು, ಕೊನೆಗೆ ಒಂದು ಒಗಟು. ಆ ಪತ್ರ ಶನಿವಾರ ಸಂಜೆಯವರೆಗೆ ದೇವರ ಗೂಡಿನಲ್ಲಿ ಒಡೆಯದೆಯೇ ಇತ್ತು. ಮನೆಯಲ್ಲಿ ಆಗ ಇದ್ದವರು ಮೂವರು: ನನ್ನ ಅತ್ತೆ, ನನ್ನ ಯಜಮಾನರು, ಎಂಟು ವರ್ಷದ ಮಗಳು. ಮೂವರ ಮನೆಮಾತೂ ಕನ್ನಡವೇ. ಮೂವರಲ್ಲಿ ಒಬ್ಬರಿಗೂ ಕನ್ನಡ ಓದಲು ಬಾರದು. ಓದಬಲ್ಲ ನಾಲ್ಕನೆಯವಳು ಬೆಂಗಳೂರಿನಲ್ಲಿ ಇಪ್ಪತ್ತರ ಹರೆಯದ ವಿದ್ಯಾರ್ಥಿಗಳಿಗೆ ಚಂಪೂಕಾವ್ಯದ ಲಕ್ಷಣಗಳನ್ನು ಬೋಧಿಸುತ್ತಿದ್ದಳು.

ಶನಿವಾರ ನಾನು ಪತ್ರವನ್ನು ಓದಿ ಹೇಳಿದಾಗ ಮಗಳು ಒಗಟನ್ನು ಥಟ್ಟನೆ ಬಿಡಿಸಿದಳು. ಆಮೇಲೆ ಪತ್ರವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, "ಅಮ್ಮ, ಇದು ನೀನು ಇಲ್ಲದಿದ್ದರೆ ಬರೀ ಕಾಗದ, ಅಲ್ವಾ?" ಎಂದಳು. ಅವಳ ಮಾತಿನಲ್ಲಿ ಆಕ್ಷೇಪಣೆಯಿರಲಿಲ್ಲ. ಇದ್ದ ಸಂಗತಿಯನ್ನು ಹೇಳಿದ್ದಳು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬರುವ ಜೂನ್ ತಿಂಗಳಿಂದ ಒಂದು ವರ್ಷ ಮನೆಯಲ್ಲಿಯೇ ಕನ್ನಡ ಶಾಲೆ ನಡೆಸಬೇಕೆಂದು ನಿಶ್ಚಯಿಸಿದೆ.

ವಿದ್ಯಾರ್ಥಿ ಮಿತ್ರರೆ, ಆ ಒಂದು ವರ್ಷದ ವೃತ್ತಾಂತವನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಹಲವರು ಮುಂದೆ ಶಿಕ್ಷಕರಾಗುವವರು. ಎಲ್ಲರೂ ಅಲ್ಲದಿದ್ದರೂ ಬಹುಪಾಲು ಜನ ತಂದೆತಾಯಿಗಳಾಗುವವರು. ನಿಮ್ಮ ಹಳಗನ್ನಡ ಪತ್ರಿಕೆಗೂ ಇದರಿಂದ ಸ್ವಲ್ಪ ಪ್ರಯೋಜನವಾದೀತು.

ಮೊದಲು ಆ ಪ್ರದೇಶದ ವಿಷಯ. ಧರ್ಮಪುರಿ 1965ರವರೆಗೆ ಸೇಲಂ ಜಿಲ್ಲೆಯ ಭಾಗವಾಗಿತ್ತು. 2004ರಲ್ಲಿ ಅದರಿಂದ ಕೃಷ್ಣಗಿರಿ ಬೇರೆಯಾಯಿತು. ಅದಕ್ಕೂ ಹಿಂದೆ, 1792ರ ಶ್ರೀರಂಗಪಟ್ಟಣದ ಒಪ್ಪಂದದವರೆಗೆ, ಬಾರಾಮಹಲ್ ಎಂದು ಕರೆಯುತ್ತಿದ್ದ ಈ ಸೀಮೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಇನ್ನೂ ಹಿಂದಕ್ಕೆ ಹೋದರೆ ಒಂಬತ್ತನೆಯ ಶತಮಾನದಲ್ಲಿ ನೊಳಂಬರು ಇಲ್ಲಿ ಕನ್ನಡದಲ್ಲಿ ಶಾಸನ ಬರೆಸಿದ್ದಾರೆ. ತಗಡೂರು ಎಂಬ ಹಳೆಯ ಹೆಸರಿನ ಅದಿಯಮಾನರ ಊರೂ ಇದೇ, ಸಂಗಂ ಸಾಹಿತ್ಯದ ಔವೈಯಾರ್‌ಳನ್ನು ನೆನೆಯುವ ನೆಲವೂ ಇದೇ. ಎರಡು ಭಾಷೆಗಳು ಇಲ್ಲಿ ಒಂದೇ ಬಾವಿಯ ನೀರನ್ನು ಸೇದುತ್ತ ಬಂದಿವೆ. ಪಾಲಕ್ಕೋಡು, ಪೆನ್ನಾಗರಂ, ಮಾರಂಡಹಳ್ಳಿಗಳ ಸುತ್ತ ಕನ್ನಡ ಮನೆಮಾತಿನ ಒಕ್ಕಲು ಕುಟುಂಬಗಳಿವೆ. ಸೇಲಂ ನಗರದ ನೇಕಾರರ ಬೀದಿಗಳಲ್ಲಿ ಕನ್ನಡ ದೇವಾಂಗರಿದ್ದಾರೆ. ಇವರ ಮಕ್ಕಳು ತಮಿಳು ಶಾಲೆಗೆ ಹೋಗುತ್ತಾರೆ, ಹೋಗಬೇಕಾದುದೇ. ತಮಿಳು ಕಲಿಕೆ ಕಾಯ್ದೆ 2006ರಲ್ಲಿ ಬಂದ ಮೇಲೆ ಒಂದನೆಯ ತರಗತಿಯಿಂದ ಮೊದಲುಗೊಂಡು ವರ್ಷಕ್ಕೊಂದು ತರಗತಿಯಂತೆ ತಮಿಳು ಕಡ್ಡಾಯವಾಯಿತು. ಸಂವಿಧಾನದ 350ಎ ವಿಧಿ ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಸೌಲಭ್ಯ ಕಲ್ಪಿಸಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. ಹೊಸೂರು, ತಾಳವಾಡಿಗಳ ಕಡೆ ಕನ್ನಡ ಶಾಲೆಗಳಿವೆ. ಆದರೆ ನಮ್ಮ ಬೀದಿಯಿಂದ ಮಗು ನಡೆದುಹೋಗಬಹುದಾದ ದೂರದಲ್ಲಿ ಅಂಥದೊಂದು ಇರಲಿಲ್ಲ. ಮಗಳನ್ನು ಶಾಲೆ ಬಿಡಿಸುವ ಯೋಚನೆ ನಮಗೆ ಎಂದೂ ಬರಲಿಲ್ಲ; ತಮಿಳನ್ನು ಅವಳು ಪ್ರೀತಿಯಿಂದ ಕಲಿಯುತ್ತಿದ್ದಳು. ಶಾಲೆಯ ಪಕ್ಕದಲ್ಲಿ ಇನ್ನೊಂದು ಪುಟ್ಟ ಶಾಲೆಯನ್ನು ಮನೆಯೊಳಗೆ ಇರಿಸಬೇಕಾಗಿತ್ತು, ಅಷ್ಟೇ.

ನನ್ನ ದಿನಚರಿ ಹೀಗಿತ್ತು: ಸೋಮವಾರ ನಸುಕಿನಲ್ಲಿ ಬೆಂಗಳೂರಿಗೆ ಹೊರಡುವುದು, ಶನಿವಾರ ಅರ್ಧ ದಿನದ ತರಗತಿ ಮುಗಿಸಿ ಹೊಸೂರು, ರಾಯಕೋಟೆ, ಮಾರಂಡಹಳ್ಳಿ, ಪಾಲಕ್ಕೋಡು ಮಾರ್ಗವಾಗಿ ಸಂಜೆಗೆ ಮನೆ ಸೇರುವುದು. ಆದ್ದರಿಂದ ನನ್ನ ಪಾಲಿಗೆ ವರ್ಷವೆಂದರೆ 52 ವಾರಾಂತ್ಯಗಳು. ಒಂದು ಉದ್ದನೆಯ ಹಾಳೆಯ ಮೇಲೆ ಅವನ್ನೆಲ್ಲ ಬರೆದೆ. ತಮಿಳುನಾಡಿನ ಶಾಲೆಗಳ ಕಾಲು ವಾರ್ಷಿಕ, ಅರ್ಧ ವಾರ್ಷಿಕ, ವಾರ್ಷಿಕ ಪರೀಕ್ಷೆಗಳಿಗೆಂದು ಆರನ್ನು ಹೊಡೆದುಹಾಕಿದೆ. ನನ್ನ ಸೆಮಿಸ್ಟರ್ ಪರೀಕ್ಷೆ, ಮೌಲ್ಯಮಾಪನಗಳಿಗೆ ಆರು. ಹಬ್ಬ, ಮದುವೆ, ಗೃಹಪ್ರವೇಶಗಳಿಗೆ ಆರು. ಜ್ವರ, ನೆಗಡಿ, ತಪ್ಪಿದ ರೈಲುಗಳಿಗೆ ನಾಲ್ಕು. ಉಳಿದದ್ದು 30. ವಾರಾಂತ್ಯಕ್ಕೆ ಎರಡು ಪಾಠ, ಪಾಠಕ್ಕೆ 45 ನಿಮಿಷ. ಒಟ್ಟು 45 ಗಂಟೆ. ಇಡೀ ವರ್ಷದ ಕನ್ನಡಕ್ಕೆ ಎರಡು ಹಗಲು ರಾತ್ರಿಗಳಷ್ಟೂ ಇಲ್ಲ! ಈ ಲೆಕ್ಕವನ್ನು ಹಾಕಿದುದು ಆ ವರ್ಷ ನಾನು ಮಾಡಿದ ಮೊದಲ ಒಳ್ಳೆಯ ಕೆಲಸ. ಕೈಯಲ್ಲಿರುವ ಕಾಲವನ್ನು ಅಳೆಯದೆ ಪಠ್ಯವನ್ನು ಅಳೆದವರು ಅರ್ಧ ದಾರಿಯಲ್ಲಿ ಮಗುವಿನ ಮೇಲೆ ರೇಗುತ್ತಾರೆ.

ಎರಡನೆಯ ಕೆಲಸ ಮಾತ್ರ ಒಳ್ಳೆಯದಾಗಲಿಲ್ಲ. ಆ 45 ಗಂಟೆಗಳಿಗೆ ಒಂದು ಘನವಾದ ಯೋಜನೆಯನ್ನು ಸಿದ್ಧಪಡಿಸಿದೆ. ಜೂನ್‌ನಿಂದ ಆಗಸ್ಟ್ ವರ್ಣಮಾಲೆ. ಸೆಪ್ಟೆಂಬರ್, ಅಕ್ಟೋಬರ್ ಕಾಗುಣಿತ. ನವೆಂಬರ್, ಡಿಸೆಂಬರ್ ಒತ್ತಕ್ಷರ. ಜನವರಿಯಿಂದ ಮಾರ್ಚ್‌ವರೆಗೆ ಕರ್ನಾಟಕದ ಮೂರನೆಯ ತರಗತಿಯ ಪಠ್ಯಪುಸ್ತಕ. ಪ್ರತಿ ಭಾನುವಾರ ಒಂದು ಕಿರುಪರೀಕ್ಷೆ. ಅವೆನ್ಯೂ ರಸ್ತೆಯಲ್ಲಿ ಕೊಂಡ ಪುಸ್ತಕಗಳಿಗೆ ಖಾಕಿ ರಟ್ಟು ಹಾಕಿ, ಚೀಟಿ ಅಂಟಿಸಿ ಕಪಾಟಿನಲ್ಲಿ ಜೋಡಿಸಿದೆ. ನಮ್ಮ ವಿಭಾಗದ ಪಾಠಯೋಜನೆಗಳೂ ಅಷ್ಟು ಅಚ್ಚುಕಟ್ಟಾಗಿರಲಿಲ್ಲ.

ಜುಲೈ ಮೂರನೆಯ ಶನಿವಾರ ನಾನು ಮನೆ ಸೇರಿದಾಗ ಮಗಳಿಗೆ ಹೊಟ್ಟೆನೋವು. ಮುಂದಿನ ಶನಿವಾರವೂ ಹೊಟ್ಟೆನೋವು. ಅದರ ಮರುದಿನ ಅಡುಗೆಮನೆಯಲ್ಲಿ ಅತ್ತೆ ರಾಗಿಹಿಟ್ಟು ಜರಡಿಯಾಡುತ್ತ, ನನ್ನ ಕಡೆ ನೋಡದೆಯೇ, "ಏನಮ್ಮ, ಮಗು ಏನಂದ್ಲು ಗೊತ್ತಾ? ಅಮ್ಮ ಬಂದ್ರೆ ಪರೀಕ್ಷೆ ಬತ್ತದೆ ಅಂದ್ಲು" ಎಂದರು. ವಾರವೆಲ್ಲ ನನ್ನ ದಾರಿ ಕಾಯುತ್ತಿದ್ದ ಮಗು ಈಗ ಶನಿವಾರಕ್ಕೆ ಹೆದರುತ್ತಿತ್ತು. ಅಕ್ಷರಕ್ಕಾಗಿ ನಾನು ಕಳೆದುಕೊಳ್ಳಲು ಹೊರಟಿದ್ದುದು ಏನೆಂಬುದು ಆ ಒಂದು ಮಾತಿನಿಂದ ತಿಳಿಯಿತು. ಆ ಭಾನುವಾರ ಪಾಠ ಮಾಡಲಿಲ್ಲ. ಯೋಜನೆಯ ಹಾಳೆಯನ್ನು ಗೋಡೆಯಿಂದ ಬಿಚ್ಚಿ ಮಡಿಸಿಟ್ಟೆ.

ತಪ್ಪೆಲ್ಲಿ ಎಂದು ರೈಲಿನಲ್ಲಿ ಕುಳಿತು ಯೋಚಿಸಿದಾಗ ನನ್ನ ಬಾಲ್ಯವೇ ಎದುರು ಬಂದು ನಿಂತಿತು. ನಾನು ನಾಲ್ಕನೆಯ ತರಗತಿಯವರೆಗೆ ಮರಾಠಿ ಶಾಲೆಯಲ್ಲಿ ಓದಿ, ಐದನೆಯದಕ್ಕೆ ಕನ್ನಡಕ್ಕೆ ಬಂದವಳು. ದೇವನಾಗರಿಯಲ್ಲಿ ಎ, ಏ ಎಂಬ ಭೇದವಿಲ್ಲ. ಒ, ಓ ಎಂಬ ಭೇದವೂ ಇಲ್ಲ. ಒಂದೊಂದೇ ಅಕ್ಷರ. ಹೀಗಾಗಿ ನಾನು ಕೆರೆಯನ್ನು 'ಕೇರೇ' ಎಂದೂ ಕೊಡೆಯನ್ನು 'ಕೋಡೇ' ಎಂದೂ ಬರೆದು ಒಂದು ವರ್ಷ ಪೂರ್ತಿ ನಗೆಗೀಡಾಗಿದ್ದೆ. ನಲವತ್ತು ವರ್ಷವಾದರೂ ಆ ಅವಮಾನ ಮಾಸಿರಲಿಲ್ಲ. ಆದುದರಿಂದ ಮಗಳ ಯೋಜನೆಯಲ್ಲಿ ಎ-ಏ, ಒ-ಓಗಳಿಗೆ ಮೂರು ವಾರಗಳನ್ನು ಮೀಸಲಿಟ್ಟಿದ್ದೆ. ಆದರೆ ತಮಿಳಿನಲ್ಲಿ ಈ ಹ್ರಸ್ವ ದೀರ್ಘ ಎರಡೂ ಇವೆಯಲ್ಲವೆ? ಅವಳಿಗೆ ಅದು ಒಂದು ಮಧ್ಯಾಹ್ನದ ಆಟವಾಗಿತ್ತು. ಉಳಿದ ಪಾಠಗಳಲ್ಲಿ ಅವಳು ಆಕಳಿಸಿದ್ದಳು.

ಅತ್ತ ಕ, ಖ, ಗ, ಘಗಳಿಗೆ ನಾನಿಟ್ಟಿದ್ದುದು ಒಂದೇ ವಾರ. ಮರಾಠಿಯಿಂದ ಬಂದ ನನಗೆ ಅದು ಎಂದೂ ಕಷ್ಟವಾಗಿರಲಿಲ್ಲ. ತಮಿಳು ಲಿಪಿಯಲ್ಲಾದರೋ ಈ ನಾಲ್ಕಕ್ಕೂ ಒಂದೇ ಅಕ್ಷರ. ಮಗಳು 'ಗಿಳಿ' ಎಂದು ಸ್ಪಷ್ಟವಾಗಿ ಉಚ್ಚರಿಸಿ 'ಕಿಳಿ' ಎಂದು ಬರೆಯುತ್ತಿದ್ದಳು. ದನ 'ತನ'ವಾಯಿತು, ಬಾಗಿಲು 'ಪಾಕಿಲು' ಆಯಿತು. ಒತ್ತಕ್ಷರವೂ ಹಾಗೆಯೇ. ಮರಾಠಿಯಲ್ಲಿ ಮೊದಲ ವ್ಯಂಜನ ಅರ್ಧವಾಗುತ್ತದೆ. ಕನ್ನಡದಲ್ಲಿ ಎರಡನೆಯದು ಕೆಳಗಿಳಿಯುತ್ತದೆ. ತಮಿಳಿನಲ್ಲಿ ಯಾವುದೂ ಇಳಿಯದೆ, ಮೊದಲ ಅಕ್ಷರದ ನೆತ್ತಿಯ ಮೇಲೊಂದು ಚುಕ್ಕೆ ಕುಳಿತುಕೊಳ್ಳುತ್ತದೆ. ಮಗಳು 'ಅಮ್ಮ' ಎಂಬುದನ್ನು 'ಅಮ್‌ಮ' ಎಂದು ಬಿಡಿಸಿ ಬರೆದಾಗ ನಾನು ಗದರಿದ್ದೆ. ಅವಳು ತಪ್ಪು ಮಾಡಿರಲಿಲ್ಲ. ತಾನು ಬಲ್ಲ ಇನ್ನೊಂದು ಲಿಪಿಯ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದಳು. ನಾನು ನನ್ನ ಬಾಲ್ಯಕ್ಕೆ ಪಾಠಯೋಜನೆ ಬರೆದಿದ್ದೆ. ಎದುರಿಗೆ ಕುಳಿತಿದ್ದುದು ಬೇರೆ ಮಗು.

ಆಗಸ್ಟ್‌ನಲ್ಲಿ ಹೊಸದಾಗಿ ತೊಡಗಿದೆವು. ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದ ಗೆಳತಿಯೊಬ್ಬಳು ನಲಿ-ಕಲಿಯ ಕ್ರಮವನ್ನು ತಿಳಿಸಿಕೊಟ್ಟಳು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಆ ಪದ್ಧತಿಯಲ್ಲಿ ಅಕ್ಷರಗಳು ಅ ಆ ಇ ಈ ಎಂದು ಸಾಲಾಗಿ ಬರುವುದಿಲ್ಲ. ಮೊದಲ ಗುಂಪು ರ, ಗ, ಸ, ದ, ಅ. ಎರಡನೆಯದು ಜ, ವ, ಮ, ಬ, ನ. ಮೊದಲ ಐದು ಅಕ್ಷರ ಬಂದೊಡನೆಯೇ ಸರ, ದರ, ಅರಸ, ಅಗಸ, ಗರಗಸ ಎಂಬ ಪದಗಳು ಕೈಗೆ ಬರುತ್ತವೆ. ಹತ್ತು ಬಂದಾಗ ಮರ, ವನ, ನಗರ, ಬಸವ. 'ಅರಸನ ಮಗನ ಸರ' ಎಂದು ಒಂದು ಮಾತನ್ನೇ ಬರೆಯಬಹುದು. ವರ್ಣಮಾಲೆಯ ಶಾಸ್ತ್ರೀಯ ಕ್ರಮ ಧ್ವನಿಗಳ ವರ್ಗೀಕರಣವಾಗಿ ಅದ್ಭುತವಾದುದು, ಅದನ್ನು ನಾನು ನಿಮಗೆ ತರಗತಿಯಲ್ಲಿ ಹೊಗಳಿ ಹೇಳುತ್ತೇನೆ. ಆದರೆ 49 ಅಕ್ಷರ ಮುಗಿಯುವವರೆಗೆ ಪದದ ರುಚಿ ನೋಡದೆ ಕಾಯಬೇಕೆಂದು ಎಂಟು ವರ್ಷದ ಮಗುವಿಗೆ ಹೇಳುವುದು ಅಡುಗೆ ಪೂರ್ತಿ ಮುಗಿಯುವವರೆಗೆ ಹಸಿದವರನ್ನು ಎಲೆಯ ಮುಂದೆ ಕೂರಿಸಿದಂತೆ.

ಇನ್ನು ವಾರದ ನಡುವಿನ ಐದು ದಿನಗಳ ಪ್ರಶ್ನೆ. ನಾನಿರುವುದಿಲ್ಲ. ಅತ್ತೆಗೆ ಕನ್ನಡದ ಅಕ್ಷರ ತಿಳಿಯದು. ಆದರೆ ಅತ್ತೆಯ ಬಾಯಲ್ಲಿದ್ದ ಕನ್ನಡ ನನ್ನ ಬಾಯಲ್ಲಿರಲಿಲ್ಲ. ಪಾಲಕ್ಕೋಡಿನ ಕಡೆಯ ಹೊಲಮನೆಯ ಕನ್ನಡ ಅದು. ನಮ್ಮ ಮನೆಯ ಗೋಡೆಯ ಮೇಲೆ, ತಮಿಳುನಾಡಿನ ಎಲ್ಲ ಮನೆಗಳಲ್ಲಿಯೂ ಇರುವಂತೆ, ದಿನಕ್ಕೊಂದು ಹಾಳೆ ಹರಿಯುವ ತಾರೀಖು ಪುಸ್ತಕ ತೂಗುತ್ತಿತ್ತು. ಬೆಳಿಗ್ಗೆ ಎದ್ದು ಹಾಳೆ ಹರಿಯುವುದು ಅತ್ತೆಯ ಹಕ್ಕು. ಮುಂದೆ ತಮಿಳಿನಲ್ಲಿ ತಿಥಿ, ನಕ್ಷತ್ರ, ರಾಹುಕಾಲ, ಹಿಂದೆ ಖಾಲಿ. ನಾವು ಮಾಡಿಕೊಂಡ ಏರ್ಪಾಡು ಇಷ್ಟೇ: ರಾತ್ರಿ ಊಟವಾದ ಮೇಲೆ ಅಜ್ಜಿ ಒಂದು ಪದ ಹೇಳಬೇಕು, ಅದರ ಕಥೆ ಹೇಳಬೇಕು; ಮೊಮ್ಮಗಳು ಅಂದಿನ ಹಾಳೆಯ ಬೆನ್ನಿನ ಮೇಲೆ ಆ ಪದವನ್ನು ತನಗೆ ತೋಚಿದಂತೆ ಬರೆಯಬೇಕು. ಗೊತ್ತಿಲ್ಲದ ಅಕ್ಷರದ ಜಾಗದಲ್ಲಿ ಚಿತ್ರ ಬರೆದರೂ ಸರಿ, ತಮಿಳಕ್ಷರ ಬರೆದರೂ ಸರಿ. ಶನಿವಾರ ಐದು ಹಾಳೆಗಳು ನನಗಾಗಿ ಕಾದಿರುತ್ತಿದ್ದವು. ನಾನು ತಿದ್ದುವಂತಿಲ್ಲ, ಓದಬೇಕು ಮಾತ್ರ. ಓದಲಾಗದಿದ್ದರೆ ಏನೆಂದು ಕೇಳಬೇಕು. ಈ ಕಟ್ಟಳೆಯನ್ನು ವಿಧಿಸಿದವರು ಅತ್ತೆ.

ಒನಕೆ, ಮೊರ, ಕಣ, ಕುಡುಗೋಲು, ಹಗೇವು, ಹುಣಿಸೆ, ಅವರೆ, ಸಗಣಿ. ಹಾಳೆಗಳು ಬೆಳೆಯುತ್ತ ಹೋದವು. ಹಗೇವು ಎಂದರೇನೆಂದು ಅವಳೇ ನನಗೆ ವಿವರಿಸಿದಳು: ನೆಲದೊಳಗೆ ರಾಗಿ ತುಂಬಿಡುತ್ತಿದ್ದ ಗುಳಿ; ಅದನ್ನು ತೆರೆದ ಕೂಡಲೇ ಇಳಿಯಬಾರದು, ಒಳಗಿನ ಕೆಟ್ಟ ಗಾಳಿ ಹೋಗಲು ಬಿಡಬೇಕು. ಈ ಪದವನ್ನು ನಾನು ನಿಘಂಟಿನಲ್ಲಿ ಬಲ್ಲವಳು. ಅದರ ವಾಸನೆಯನ್ನು ಬಲ್ಲ ಒಬ್ಬರು ನನ್ನ ಮನೆಯಲ್ಲಿಯೇ ಇದ್ದರೆಂಬುದನ್ನು ಮಾತ್ರ ಹತ್ತು ವರ್ಷ ಗಮನಿಸಿರಲಿಲ್ಲ.

ಮರಾಠಿ ಶಾಲೆಯ ದಿನಗಳಲ್ಲಿ ನಮ್ಮ ಗುರುಗಳು ತಾರಾಬಾಯಿ ಮೋಡಕ್ ಅವರ ಕೆಲಸದ ವಿಷಯ ಹೇಳುತ್ತಿದ್ದರು. ಬೋರ್ಡಿ, ಕೋಸಬಾಡಗಳಲ್ಲಿ ಅನುತಾಯಿ ವಾಘರೊಡನೆ ಶಿಶುಶಿಕ್ಷಣವನ್ನು ಬಡ ಮಕ್ಕಳ ಅಂಗಳಕ್ಕೇ ಒಯ್ದವರು ಅವರು. ಶಾಲೆಗೆ ಬಾರದ ಮಗುವಿನ ಬಳಿಗೆ ಶಾಲೆ ಹೋಗಬೇಕು, ಅಲ್ಲಿರುವ ಎಲೆ, ಕಲ್ಲು, ಬೀಜಗಳಿಂದಲೇ ಕಲಿಸಬೇಕು ಎಂಬುದು ಅವರ ರೀತಿ. ಅಂಗಳದ ಈ ಪಾಠವನ್ನು ನಾನು ಪರೀಕ್ಷೆಗಾಗಿ ಓದಿದ್ದೆ. ಧರ್ಮಪುರಿಯ ಅಡುಗೆಮನೆಯಲ್ಲಿ ಅದನ್ನು ನಡೆಸಿದವರು ಅವರ ಹೆಸರನ್ನೇ ಕೇಳದಿದ್ದ ನನ್ನ ಅತ್ತೆ.

ಡಿಸೆಂಬರ್‌ನಲ್ಲಿ ಅರ್ಧ ವಾರ್ಷಿಕ ಪರೀಕ್ಷೆ ಮುಗಿದು ರಜೆ ಬಂದಾಗ ಸೇಲಂನಲ್ಲಿರುವ ನಾದಿನಿಯ ಮನೆಗೆ ಹೋದೆವು. ಪಕ್ಕದ ಮನೆಯಲ್ಲಿ ದೇವಾಂಗರ ಹಿರಿಯರೊಬ್ಬರು ಕುಣಿಮಗ್ಗದಲ್ಲಿ ರೇಷ್ಮೆ ಪಂಚೆ ನೇಯುತ್ತಿದ್ದರು. ಸೇಲಂನ ಬಿಳಿ ರೇಷ್ಮೆ ಹೆಸರಾದುದು. ಲಾಳಿ ಅತ್ತಿತ್ತ ಓಡುವುದನ್ನು ಮಗಳು ಗಂಟೆಗಟ್ಟಲೆ ನೋಡುತ್ತ ಕುಳಿತಳು. ಅವರ ಕನ್ನಡಕ್ಕೂ ಅವಳ ಅಜ್ಜಿಯ ಕನ್ನಡಕ್ಕೂ ತುಸು ವ್ಯತ್ಯಾಸವಿತ್ತು, ಆದರೂ ಇಬ್ಬರಿಗೂ ಮಾತು ಸಲೀಸಾಗಿ ನಡೆಯಿತು. ಅವಳ ಜೇಬಿನಿಂದ ಒಂದು ತಾರೀಖು ಹಾಳೆ ಬಿದ್ದಾಗ ಅವರು ಅದನ್ನೆತ್ತಿ, ತಿರುಗಿಸಿ, "ಇದೇನು ಬರಹ ಕೂಸೆ?" ಎಂದು ಕೇಳಿದರು.

"ಕನ್ನಡ, ತಾತ."

"ನಾವ್ ಆಡೋ ಕನ್ನಡಾನಾ? ಇದಕ್ಕೆ ಬರಹ ಹಿಂಗಿರ್ತದಾ?"

ಎಪ್ಪತ್ತು ದಾಟಿದ ಆ ಹಿರಿಯರು ತಮ್ಮ ಮಾತಿಗೆ ಲಿಪಿಯಿದೆಯೆಂಬುದನ್ನು ಕೇಳಿ ಬಲ್ಲರು. ತಮ್ಮ ಮಗ್ಗದ ಪಕ್ಕದಲ್ಲಿ, ತಮ್ಮ ಕೈಯಲ್ಲಿ ಹಿಡಿದು ನೋಡಿದುದು ಅಂದೇ. ತಮ್ಮ ಕುಲದೇವತೆಯ ಹೆಸರನ್ನು ಬರೆದುಕೊಡುವೆಯಾ ಎಂದು ಕೇಳಿದರು. ಮಗಳು ನನ್ನ ಕಡೆ ನೋಡಿದಳು. ನಾನು ಬಾಗಿಲ ಬಳಿ ನಿಂತಿದ್ದೆ, ಏನೂ ಹೇಳಲಿಲ್ಲ. ಅವಳು ನೆಲದ ಮೇಲೆ ಬೋರಲಾಗಿ ಮಲಗಿ, ನಾಲಿಗೆ ಕಚ್ಚಿಕೊಂಡು ಬರೆದಳು: 'ಸೌಡೇಸ್ವರಿ'. ತಮಿಳಿನಲ್ಲಿ ಚಕಾರದ ಅಕ್ಷರವನ್ನೇ ಸಕಾರವಾಗಿಯೂ ಓದುವುದರಿಂದ ಹಾಗಾಗಿತ್ತು. ತಿದ್ದಲು ನನ್ನ ಬೆರಳುಗಳು ತವಕಿಸಿದವು. ಅಷ್ಟರಲ್ಲಿ ಅವಳು ಬರೆದುದನ್ನು ತಾನೇ ಬಾಯಿಬಿಟ್ಟು ಓದಿ, "ಅಲ್ಲ, ಚೌ" ಎಂದು ಹೊಡೆದುಹಾಕಿ, ಇನ್ನೊಂದು ಹಾಳೆ ಕೇಳಿ, 'ಚೌಡೇಶ್ವರಿ' ಎಂದು ಬರೆದಳು. ಶಕಾರಕ್ಕೆ ವಕಾರದ ಒತ್ತು ಕೊಂಚ ದೊಡ್ಡದಾಗಿ ಜೋತುಬಿದ್ದಿತ್ತು. ಆ ಹಿರಿಯರು ಹಾಳೆಯನ್ನು ಕಣ್ಣಿಗೊತ್ತಿಕೊಂಡು ದೇವಿಯ ಪಟದ ಚೌಕಟ್ಟಿಗೆ ಸಿಕ್ಕಿಸಿದರು. ನವೆಂಬರ್‌ನಿಂದ ನಾವು ಒತ್ತಕ್ಷರಗಳೊಡನೆ ಸೆಣಸುತ್ತಿದ್ದೆವು. ಸೇಲಂನಿಂದ ಮರಳಿದ ಮೇಲೆ ಅದರ ಬಗ್ಗೆ ನಾನು ಅವಳಿಗೆ ಒಂದು ಮಾತನ್ನೂ ಹೇಳಬೇಕಾಗಲಿಲ್ಲ.

ಪೊಂಗಲ್ ರಜೆಯಲ್ಲಿ ಹೊಗೆನಕಲ್ಲಿಗೆ ಹೋದಾಗ ನಡೆದ ಸಂಗತಿ ನಿಮ್ಮ ಹಳಗನ್ನಡಕ್ಕೆ ಸಂಬಂಧಿಸಿದುದು. ಕಾವೇರಿ ಬಂಡೆಗಳ ನಡುವೆ ಧುಮುಕಿ ಹೊಗೆಯಂತೆ ಹನಿಯೆಬ್ಬಿಸುವುದನ್ನು ಕಂಡು, "ಹೊಗೆ, ಕಲ್ಲು, ಊರಿನ ಹೆಸರೇ ಕನ್ನಡ!" ಎಂದು ಅವಳು ಕುಣಿದಳು. ಮರುಕ್ಷಣ, "ಶಾಲೆಯಲ್ಲಿ ಇದಕ್ಕೆ ಪುಗೈ ಅಂತೀವಿ" ಎಂದಳು. ಹಳಗನ್ನಡದಲ್ಲಿ ಇದು 'ಪೊಗೆ' ಎಂದು ನಾನು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಪಾಲ್, ಹಾಲು?" ಎಂದಳು. ಪಲ್, ಹಲ್ಲು. ಪುಲಿ, ಹುಲಿ. ಪೆಣ್, ಹೆಣ್ಣು. ಪತ್ತು, ಹತ್ತು. ಹಿಂದಿರುಗುವ ಬಸ್ಸಿನಲ್ಲಿ ಇಪ್ಪತ್ತು ಜೋಡಿಗಳಾದವು. ಊರ ಫಲಕಗಳ ಮೇಲೆ ತಮಿಳಿನಲ್ಲಿ 'ಅಳ್ಳಿ' ಎಂದು ಮುಗಿಯುವ ಹೆಸರುಗಳು ಕನ್ನಡದ 'ಹಳ್ಳಿ'ಗಳೆಂಬುದು, ಹಕಾರಕ್ಕೆ ತಮಿಳಿನಲ್ಲಿ ಸ್ವಂತದ ಅಕ್ಷರವಿಲ್ಲದುದರಿಂದ ಹಾಗೆ ಬರೆಯುತ್ತಾರೆಂಬುದು, ಆ ಹಳ್ಳಿಯೇ ಹಳಗನ್ನಡದಲ್ಲಿ 'ಪಳ್ಳಿ'ಯೆಂಬುದು, ಒಂದರ ಹಿಂದೊಂದು ಬಿಚ್ಚಿಕೊಂಡವು. ಮನೆ ಸೇರಿದವಳೇ ನಿಯಮವನ್ನು ಎಲ್ಲಕ್ಕೂ ಹೂಡಿದಳು. ತಮಿಳಿನ 'ಪಾಟ್ಟಿ'ಯನ್ನು ಕನ್ನಡಕ್ಕೆ ತಿರುಗಿಸಿ ಅಜ್ಜಿಯನ್ನು ಮೂರು ದಿನ 'ಹಾಟ್ಟಿ' ಎಂದು ಕರೆದಳು.

ಪಕಾರ ಹಕಾರವಾಗುವ ಈ ಬದಲಾವಣೆಯನ್ನು ನಾವು ಪದವಿ ತರಗತಿಯಲ್ಲಿ ಒಂದು ಗಂಟೆ ಬೋಧಿಸಿ, ಟಿಪ್ಪಣಿ ಬರೆಸಿ, ಐದು ಅಂಕದ ಪ್ರಶ್ನೆಯಾಗಿ ಕೇಳುತ್ತೇವೆ. ಮೂರನೆಯ ತರಗತಿಯ ಮಗು ಅದನ್ನು ಬಸ್ಸಿನಲ್ಲಿ ಕಂಡುಕೊಂಡಿತು. ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ರಳ, ಕುಳ, ಕ್ಷಳಗಳನ್ನು ಬೇರ್ಪಡಿಸುವಾಗ ನಿಮಗೆ ತಲೆನೋವು ಬರುತ್ತದೆಯಷ್ಟೆ? ಮೞೆ, ಏೞು, ಬಾೞ್ ಎಂಬಲ್ಲಿಯ ರಳವನ್ನು ಕಪ್ಪು ಹಲಗೆಯ ಮೇಲೆ ಬರೆದು ಅದರ ಉಚ್ಚಾರಣೆಯನ್ನು ವಿವರಿಸಲು ನಾನು ಪ್ರತಿ ವರ್ಷ ಒದ್ದಾಡುತ್ತೇನೆ. ನನ್ನ ಮಗಳಿಗೆ ಅದು ದಿನಬಳಕೆಯ ಧ್ವನಿ. 'ತಮಿೞ್' ಎಂಬ ಹೆಸರಿನ ಕೊನೆಯಲ್ಲಿಯೇ ಅದಿದೆ. ಮಳೆಗೆ ಶಾಲೆಯಲ್ಲಿ ಅವಳು ಹೇಳುವ ಮಾತಿನಲ್ಲಿ ಅದು ಇಂದಿಗೂ ಜೀವಂತವಾಗಿದೆ. ಅವಳ ತಮಿಳು ಅವಳ ಕನ್ನಡಕ್ಕೆ ಅಡ್ಡಿಯೆಂದು ಹೆದರಿ ನಾನು ಮನೆಶಾಲೆ ತೆರೆದಿದ್ದೆ. ಪಂಪನ ಕಾಲದ ಕನ್ನಡಕ್ಕೆ ನನಗಿಂತ ಹತ್ತಿರದ ದಾರಿಯನ್ನು ಆ ತಮಿಳೇ ಅವಳಿಗೆ ತೆರೆದುಕೊಟ್ಟಿತ್ತು.

ಏಪ್ರಿಲ್‌ನಲ್ಲಿ ಲೆಕ್ಕ ನೋಡಿದೆ. ಅಂದುಕೊಂಡ 60 ಪಾಠಗಳಲ್ಲಿ ನಡೆದದ್ದು 38. ಮೂರನೆಯ ತರಗತಿಯ ಪುಸ್ತಕದಲ್ಲಿ ಓದಿದ್ದು ಐದು ಪಾಠ. ಮಹಾಪ್ರಾಣಗಳು ಅರ್ಧಂಬರ್ಧ. ತಾರೀಖು ಹಾಳೆಗಳು ಮಾತ್ರ 163. ಅತ್ತೆ ಅವನ್ನು ಗೋಣಿದಬ್ಬಳದಿಂದ ಚುಚ್ಚಿ ದಾರ ಪೋಣಿಸಿ ಕಟ್ಟಿಟ್ಟಿದ್ದರು. ಕನ್ನಡ ಸಾಹಿತ್ಯ ಪರಿಷತ್ತಿನ ಪ್ರವೇಶ, ಕಾವ, ಜಾಣ, ರತ್ನ ಪರೀಕ್ಷೆಗಳಲ್ಲಿ ಮೊದಲನೆಯದಕ್ಕೆ ಮುಂದೆ ಕೂರಿಸಿದರೆ ಹೇಗೆಂದು ನಾನು ಯೋಚಿಸಿದೆ. ಅತ್ತೆ ಕೇಳಿ, "ಅವಳು ಓದ್ತಾವ್ಳೆ. ಮತ್ತೆ ಯಾಕಮ್ಮ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಅದರ ಬದಲು ಅವಳಿಂದ ತಾತನಿಗೆ ಒಂದು ಪತ್ರ ಬರೆಸಿದೆವು. ಏಳು ಸಾಲು. ನಿಪ್ಪಾಣಿಯಿಂದ ಬಂದ ಮರುಪತ್ರ ಸೋಮವಾರ ತಲುಪಿತು, ಸೋಮವಾರ ರಾತ್ರಿಯೇ ಅವಳು ಅದನ್ನು ಫೋನಿನಲ್ಲಿ ನನಗೆ ಓದಿ ಹೇಳಿದಳು. ಎರಡು ಕಡೆ ತಡವರಿಸಿದಳು. ಒಂದು ಪದ ನನಗೂ ತಿಳಿಯಲಿಲ್ಲ. ನನ್ನ ತಂದೆಯ ಕೈಬರಹವೇ ಅಂಥದು.

ನಿಮ್ಮಲ್ಲಿ ತೆಲುಗು, ಉರ್ದು, ತುಳು, ಲಂಬಾಣಿ, ಮರಾಠಿ, ತಮಿಳು ಮನೆಮಾತಿನವರಿದ್ದೀರಿ. ಐಚ್ಛಿಕ ಕನ್ನಡವನ್ನು ಆರಿಸಿಕೊಂಡುದರಿಂದ ಮನೆಯ ಮಾತನ್ನು ಹೊಸ್ತಿಲಾಚೆ ಬಿಟ್ಟು ಬರಬೇಕೆಂದು ಕೆಲವರು ಭಾವಿಸಿರುವುದನ್ನು ನಿಮ್ಮ ಉತ್ತರ ಪತ್ರಿಕೆಗಳಲ್ಲಿ ಕಂಡಿದ್ದೇನೆ. ಹಾಗೆ ಬಿಟ್ಟುಬರಬೇಡಿ. ನಿಮ್ಮ ತಪ್ಪುಗಳು ಯಾವ ಭಾಷೆಯಿಂದ ಬಂದವೆಂದು ಗುರುತು ಹಾಕಿಕೊಳ್ಳಿ. ನಿಮ್ಮ ಬಲವೂ ಅಲ್ಲಿಂದಲೇ ಬಂದಿರುತ್ತದೆ. ಮುಂದೆ ಮಗುವಿಗೆ ಕಲಿಸುವ ದಿನ ಬಂದಾಗ ಮೊದಲು ಕಾಲವನ್ನು ಎಣಿಸಿ, ಆಮೇಲೆ ಮಗುವನ್ನು ಎರಡು ವಾರ ಸುಮ್ಮನೆ ಗಮನಿಸಿ, ಪಠ್ಯವನ್ನು ಕೊನೆಗೆ ತೆರೆಯಿರಿ. ನೀವಿಲ್ಲದ ದಿನಗಳಲ್ಲಿ ಮನೆಯಲ್ಲಿ ಯಾರಿರುತ್ತಾರೋ ಅವರಿಗೂ ಪಾಠದಲ್ಲಿ ಒಂದು ಪಾಲು ಕೊಡಿ, ಅವರಿಗೆ ಅಕ್ಷರ ಬಾರದಿದ್ದರೂ ಸರಿಯೇ.

ಅತ್ತೆ ಈಗಿಲ್ಲ. ಮಗಳು ಕೊಯಮತ್ತೂರಿನಲ್ಲಿ ಕೆಲಸದಲ್ಲಿದ್ದಾಳೆ. ನನಗೆ ವಾಟ್ಸಾಪಿನಲ್ಲಿ ಕನ್ನಡ ಲಿಪಿಯಲ್ಲಿಯೇ ಬರೆಯುತ್ತಾಳೆ; ಮಹಾಪ್ರಾಣಗಳು ಇಂದಿಗೂ ತಪ್ಪುತ್ತವೆ, ಕಳೆದ ವಾರವೂ 'ಊಟ ಆಯಿತು, ಸುಕವಾಗಿದ್ದೇನೆ' ಎಂದು ಬರೆದಿದ್ದಳು. ನಾನು ತಿದ್ದಲಿಲ್ಲ. ಹಾಳೆಗಳ ಆ ಕಟ್ಟು ವಿಭಾಗದ ನನ್ನ ಮೇಜಿನ ಎಡಗಡೆಯ ಖಾನೆಯಲ್ಲಿದೆ. ಹಳಗನ್ನಡದ ಮೊದಲ ತರಗತಿಗೆ ಈ ಸಲ ಅದನ್ನು ತರುತ್ತೇನೆ. ಮುಂಭಾಗದಲ್ಲಿ ಯಾವ ದಿನ ರಾಹುಕಾಲ ಎಷ್ಟು ಹೊತ್ತಿಗಿತ್ತೆಂದು ತಮಿಳು ಬಲ್ಲವರು ಓದಿ ಹೇಳಿ. ಬೆನ್ನಿನ ಮೇಲಿರುವುದನ್ನು ಉಳಿದವರು ಓದೋಣ.